ಗ್ಯಾರೇಜು ಕಟ್ಟುವ ಮೊದಲು: ಬೆಂಗಳೂರಿನ ಸ್ವಂತ ಮನೆಯವರಿಗೆ

ಕಾರು ಬುಕ್ ಮಾಡಿ ಆಯಿತು, ಡೆಲಿವರಿಗೆ ಇನ್ನು ಮೂರು ವಾರ ಇದೆ. ತಕ್ಷಣ ಮೇಸ್ತ್ರಿಯನ್ನು ಕರೆಸಿ, ಕಾಂಪೌಂಡ್ ಒಡೆಸಿ, ದೊಡ್ಡ ಗೇಟು ಇಡಿಸಿ, ಒಳಗೊಂದು ಶೀಟು ಹೊದಿಸಿ, ಹೊರಗೆ ಫುಟ್‌ಪಾತ್ ಮೇಲೆ ಸಿಮೆಂಟಿನ ಇಳಿಜಾರು ಹಾಕಿಸಿಬಿಡುತ್ತೇವೆ. ಬೆಂಗಳೂರಿನಲ್ಲಿ ತುಂಬಾ ಜನ ಹೀಗೇ ಮಾಡುತ್ತಾರೆ. ನಾವೂ ಹೀಗೇ ಮಾಡಿದ್ದೆವು.

ನಮ್ಮದು ವಿಜಯನಗರದಲ್ಲಿ 40×60 ಸೈಟು, ಅಪ್ಪ ಕಟ್ಟಿಸಿದ ಹಳೆಯ ಮನೆ, ಪೂರ್ವಕ್ಕೆ ರಸ್ತೆ. ಇಳಿಜಾರು ಹಾಕಿಸಿದ ಮೇಲೆ ಪಕ್ಕದ ಸಾಲಿನ ಅಜ್ಜಿಯೊಬ್ಬರು ವಾಕರ್ ಹಿಡಿದು ಹಾಲಿಗೆ ಹೋಗುವಾಗ, ನಮ್ಮ ಗೇಟಿನ ಹತ್ತಿರ ಬಂದ ಕೂಡಲೇ ರಸ್ತೆಗೆ ಇಳಿದು, ಬೈಕುಗಳ ಮಧ್ಯೆ ನಾಲ್ಕು ಹೆಜ್ಜೆ ಹಾಕಿ ಮತ್ತೆ ಫುಟ್‌ಪಾತ್ ಹತ್ತುವುದನ್ನು ಕಿಟಕಿಯಿಂದ ನೋಡಿದೆ. ಬಹಳ ಬೇಜಾರಾಯಿತು. ಆ ಮಳೆಗಾಲದಲ್ಲೇ ಇಳಿಜಾರಿನ ಕೆಳಗೆ ಮೋರಿ ಕಟ್ಟಿಕೊಂಡು ಪಕ್ಕದ ಮನೆಯ ಅಂಗಳಕ್ಕೆ ನೀರು ನುಗ್ಗಿತು. ಕೊನೆಗೆ ತೆರವು ಮಾಡಿ ಅಂತ ನೋಟಿಸ್ ಬಂತು. ನಾವೇ ಒಡೆಸಿದೆವು. ಆಮೇಲೆ ಕಾಗದ, ನಕ್ಷೆ, ಅರ್ಜಿ ಎಲ್ಲ ಸರಿಯಾಗಿ ಮಾಡಿ ಗ್ಯಾರೇಜು ಕಟ್ಟಿದೆವು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟೆವು.

ಅದಕ್ಕೇ ಮೊದಲು ಇದೊಂದು ಮಾತು ಹೇಳಿಬಿಡುತ್ತೇನೆ. ಪಾಲಿಕೆ ಕೊಡುವ ಕಟ್ಟಡ ಅನುಮತಿ ನಿಮ್ಮ ಕಾಂಪೌಂಡಿನ ಗೆರೆಯಲ್ಲಿ ಮುಗಿಯುತ್ತದೆ. ಗೇಟಿನಿಂದ ಡಾಂಬರಿನವರೆಗಿನ ಆ ಮೂರು ನಾಲ್ಕು ಅಡಿ ಎಲ್ಲರದ್ದು. ಹಾಗಾಗಿ ಗ್ಯಾರೇಜಿನ ಲೆಕ್ಕವನ್ನು ರಸ್ತೆಯಿಂದ ಶುರು ಮಾಡಿ ಮನೆಯ ಕಡೆಗೆ ಬನ್ನಿ. ನಾವು ಒಳಗಿಂದ ಹೊರಗೆ ಯೋಚಿಸಿದ್ದೇ ತಪ್ಪಾಗಿತ್ತು.

ಮೊದಲು ಗೇಟಿನ ಹೊರಗೆ ಹೋಗಿ ನಿಂತು ನೋಡಿ

ಒಂದು ಬಿಳಿ ಹಾಳೆ, ಟೇಪು ತೆಗೆದುಕೊಂಡು ರಸ್ತೆಯಲ್ಲಿ ನಿಂತುಕೊಳ್ಳಿ. ಕಾರು ಒಳಗೆ ಬರುವ ದಾರಿಯಲ್ಲಿ ಏನೇನಿದೆ ಅಂತ ಬರೆದುಕೊಳ್ಳಿ. ಮರ, ವಿದ್ಯುತ್ ಕಂಬ, ಜಲಮಂಡಳಿಯ ಚೇಂಬರ್, ನೀರಿನ ಮೀಟರ್, ಮೋರಿ, ಫುಟ್‌ಪಾತ್. ಇವು ಒಂದೊಂದೂ ಬೇರೆ ಬೇರೆ ಇಲಾಖೆಗೆ ಸೇರಿದ್ದು. ಕಟ್ಟಡದ ನಕ್ಷೆ ಮಂಜೂರಾಯಿತು ಅಂದ ಮಾತ್ರಕ್ಕೆ ಇವುಗಳನ್ನು ಮುಟ್ಟುವ ಹಕ್ಕು ಸಿಕ್ಕಿತು ಅಂತ ಅರ್ಥ ಅಲ್ಲ.

ಮರದ ವಿಷಯ ಮೊದಲು. ರಸ್ತೆಬದಿಯ ಮರ ಗೇಟಿಗೆ ಅಡ್ಡ ಬಂದರೆ ಅದನ್ನು ಕಡಿಸುವ ಯೋಚನೆ ಬಿಟ್ಟುಬಿಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಅದರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ನಿಮ್ಮ ಸ್ವಂತ ಅಂಗಳದ ಮರವನ್ನೂ ಕಡಿಯುವ ಹಾಗಿಲ್ಲ, ಇನ್ನು ರಸ್ತೆ ಮರದ ಮಾತೇ ಬೇಡ. ನಮ್ಮ ಮನೆ ಮುಂದೆ ಒಂದು ಹೊಂಗೆ ಮರ ಇದೆ. ಎರಡನೇ ಸಲ ಕಟ್ಟುವಾಗ ಗೇಟನ್ನೇ ಐದು ಅಡಿ ಸರಿಸಿದೆವು. ಗೋಡೆ ಒಡೆದು ಕಟ್ಟುವುದು ಎರಡು ದಿನದ ಕೆಲಸ, ಆದರೆ ಅಂಥ ಮರ ಬೆಳೆಯಲು ಇಪ್ಪತ್ತು ಮೂವತ್ತು ವರ್ಷ ಬೇಕು. ಇನ್ನೊಂದು, ಬುಡದವರೆಗೂ ಕಾಂಕ್ರೀಟ್ ಸುರಿಯಬೇಡಿ. ಸುತ್ತ ಒಂದು ಮೀಟರ್‌ನಷ್ಟಾದರೂ ಮಣ್ಣು ಬಿಡಿ. ಬೇರಿಗೆ ನೀರು ಗಾಳಿ ಇಲ್ಲದ ಮರವೇ ಮುಂದೆ ಒಂದು ಮಳೆಯಲ್ಲಿ ಉರುಳಿ ನಿಮ್ಮ ಕಾರಿನ ಮೇಲೆ ಬೀಳುವುದು.

ಕಂಬ ಅಡ್ಡ ಇದ್ದರೆ ಬೆಸ್ಕಾಂ ಉಪವಿಭಾಗಕ್ಕೆ ಅರ್ಜಿ ಕೊಡಬೇಕು. ಸರಿಸುವ ಖರ್ಚು ಅರ್ಜಿ ಕೊಟ್ಟವರದ್ದೇ, ಎಸ್ಟಿಮೇಟ್ ಬಂದ ಮೇಲೆ ಕಟ್ಟಬೇಕು. ಇದು ಬೇಗ ಮುಗಿಯುವ ಕೆಲಸವಲ್ಲ, ಹಾಗಾಗಿ ಕಂಬ ಇದ್ದವರು ಇದನ್ನೇ ಎಲ್ಲಕ್ಕಿಂತ ಮೊದಲು ಶುರು ಮಾಡಿ. ಕೆಳಗೆ ಮಾತ್ರವಲ್ಲ, ಮೇಲೂ ನೋಡಿ. ಗ್ಯಾರೇಜಿನ ಛಾವಣಿಗೂ ಮನೆಗಳಿಗೆ ಬರುವ ಕಡಿಮೆ ಒತ್ತಡದ ತಂತಿಗೂ ನೇರ ಎತ್ತರದಲ್ಲಿ 2.5 ಮೀಟರ್, ಪಕ್ಕದಲ್ಲಿ 1.2 ಮೀಟರ್ ಅಂತರ ಇರಬೇಕು. 11 ಕೆವಿ ಲೈನಾದರೆ ಎತ್ತರದ ಅಂತರ 3.7 ಮೀಟರ್. ಕಬ್ಬಿಣದ ಶೀಟು, ಕಬ್ಬಿಣದ ಸರಳು ಎತ್ತಿ ಇಡುವ ಹುಡುಗರ ಜೀವದ ಪ್ರಶ್ನೆ ಇದು.

ಚೇಂಬರ್ ಮೇಲೆ ಕಾರು ಹತ್ತುವುದಾದರೆ ಹಳೆಯ ತೆಳು ಮುಚ್ಚಳ ತೆಗೆಸಿ, ಭಾರ ತಡೆಯುವಂಥದ್ದು ಹಾಕಿಸಬೇಕು. ಇದಕ್ಕೆ ಜಲಮಂಡಳಿಯ ಸೇವಾ ಠಾಣೆಯ ಇಂಜಿನಿಯರ್ ಹತ್ತಿರ ಹೇಳಿ ಮಾಡಿಸಿ. ಟೈಲ್ಸ್ ಹಾಕುವ ಭರದಲ್ಲಿ ಚೇಂಬರನ್ನು ಮುಚ್ಚಿಬಿಡುವವರೂ ಇದ್ದಾರೆ. ಆಮೇಲೆ ಒಳಚರಂಡಿ ಕಟ್ಟಿಕೊಂಡಾಗ ಇಡೀ ಬೀದಿಯವರು ನಿಮ್ಮ ಗೇಟಿನ ಮುಂದೆ ನಿಲ್ಲುತ್ತಾರೆ.

ಇಳಿಜಾರು ಎಲ್ಲಿ ಬರಬೇಕು

ಗೇಟಿನ ಒಳಗೆ. ಇದಕ್ಕೆ ಬೇರೆ ಉತ್ತರ ಇಲ್ಲ.

ಲೆಕ್ಕ ಸುಲಭ. ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ದಾರಿಗೆ ನಿಯಮದಲ್ಲಿ 1:8ಕ್ಕಿಂತ ಕಡಿದು ಇರಬಾರದು ಅಂತಿದೆ. ಅದನ್ನೇ ಮನೆಯ ಡ್ರೈವ್‌ವೇಗೂ ಹಿಡಿಯಿರಿ. ಅಂದರೆ ನಿಮ್ಮ ಅಂಗಳ ರಸ್ತೆಗಿಂತ 1 ಅಡಿ ಎತ್ತರ ಇದ್ದರೆ ಇಳಿಜಾರಿಗೆ 8 ಅಡಿ ಉದ್ದ ಬೇಕು. 2 ಅಡಿ ಎತ್ತರ ಇದ್ದರೆ 16 ಅಡಿ. ನಮ್ಮಲ್ಲಿ ಅಂಗಳ ಒಂದೂಕಾಲು ಅಡಿ ಎತ್ತರದಲ್ಲಿತ್ತು, ಗೇಟಿನಿಂದ ಒಳಗೆ 10 ಅಡಿ ಉದ್ದಕ್ಕೆ ನೆಲ ತಗ್ಗಿಸಿ ಸರಿ ಮಾಡಿದೆವು. ಇಳಿಜಾರಿನ ಶುರುವಲ್ಲೂ ಕೊನೆಯಲ್ಲೂ ಸ್ವಲ್ಪ ಸ್ವಲ್ಪ ಮೆತ್ತಗೆ ತಿರುವು ಕೊಡಿಸಿ, ಇಲ್ಲದಿದ್ದರೆ ಚಿಕ್ಕ ಕಾರಿನ ಹೊಟ್ಟೆ ಉಜ್ಜುತ್ತದೆ. ಮೇಸ್ತ್ರಿಗಳು "ಒಳಗೆ ಜಾಗ ಯಾಕೆ ಹಾಳು ಮಾಡ್ತೀರಾ, ಆಚೆ ಹಾಕೋಣ ಬಿಡಿ" ಅನ್ನುತ್ತಾರೆ. ಒಪ್ಪಬೇಡಿ.

ಹಾಗಾದರೆ ಫುಟ್‌ಪಾತ್ ದಾಟುವುದು ಹೇಗೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರ ಪಾದಚಾರಿ ಸೌಲಭ್ಯದ ಮಾರ್ಗಸೂಚಿ, ಐಆರ್‌ಸಿ 103, ಹೇಳುವುದು ಇಷ್ಟು: ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಗಲದ ಅಡೆತಡೆ ಇಲ್ಲದ ಜಾಗ ಇರಬೇಕು, ಕಲ್ಲಿನ ಅಂಚು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು, ಮನೆಗಳ ಗೇಟಿನ ಮುಂದೆ ಫುಟ್‌ಪಾತಿನ ಮಟ್ಟ ತಗ್ಗದೆ ಹಾಗೇ ಮುಂದುವರಿಯಬೇಕು. ಹತ್ತಿ ಇಳಿಯುವ ಕಷ್ಟ ಕಾರಿಗೆ ಇರಲಿ, ನಡೆಯುವವರಿಗೆ ಬೇಡ ಅಂತ. ಫುಟ್‌ಪಾತಿನ ಮಟ್ಟ ಹಾಗೇ ಇರಲಿ, ರಸ್ತೆ ಕಡೆಯ ಅಂಚಿನ ಕಲ್ಲನ್ನು ಮಾತ್ರ ನಿಮ್ಮ ಗೇಟಿನ ಅಗಲಕ್ಕೆ ತಗ್ಗಿಸಿಕೊಡಿ ಅಂತ ವಾರ್ಡಿನ ಇಂಜಿನಿಯರ್‌ಗೆ ಬರವಣಿಗೆಯಲ್ಲಿ ಕೇಳಿ. ನೀವೇ ಸುತ್ತಿಗೆ ಹಿಡಿಸಬೇಡಿ.

ಮೋರಿಯ ಮೇಲೆ ಚಪ್ಪಡಿ ಇರಲಿ, ಎತ್ತಿ ಇಡಲು ಬರುವ ಹಾಗಿರಲಿ. ಕೊಕ್ಕೆ ಇರುವ ಕಾಂಕ್ರೀಟ್ ಸ್ಲ್ಯಾಬ್ ಆದರೂ ಆಗುತ್ತದೆ. ನಾವು ಮೊದಲ ಸಲ ಮೋರಿಯ ಮೇಲೆ ಒಂದೇ ಅಚ್ಚಿನಲ್ಲಿ ಕಾಂಕ್ರೀಟ್ ಹಾಕಿಸಿದ್ದೆವು. ಹೂಳು ತೆಗೆಯಲು ಬಂದವರಿಗೆ ಕೈ ಹಾಕಲೂ ಜಾಗ ಇರಲಿಲ್ಲ. ಮಳೆಯಲ್ಲಿ ನೀರು ನುಗ್ಗಿದ್ದಕ್ಕೆ ಅದೇ ಕಾರಣ.

ಕಾಗದಗಳು

ಮೊದಲು ನಿಮ್ಮ ಕಚೇರಿ ಯಾವುದು ಅಂತ ನೋಡಿಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ನಗರ ಪಾಲಿಕೆಗಳು ಬಂದಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಹಳೆಯ ರಸೀದಿಯಲ್ಲಿ ಬಿಬಿಎಂಪಿ ಅಂತ ಇದ್ದರೆ ಗಾಬರಿ ಬೇಡ, ಅದು ಈಗಲೂ ನಿಮ್ಮ ದಾಖಲೆಯೇ. ಬಿಡಿಎ ಬಡಾವಣೆಯಲ್ಲಿದ್ದು ಆ ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲದಿದ್ದರೆ ನಕ್ಷೆ ಮಂಜೂರಾತಿಗೆ ಬಿಡಿಎಗೇ ಹೋಗಬೇಕು.

ಬೇಕಾಗುವ ಕಾಗದ ಇವು: ಕ್ರಯಪತ್ರ, ಇ-ಖಾತಾ, ಈ ವರ್ಷದ ಆಸ್ತಿ ತೆರಿಗೆ ರಸೀದಿ, ಋಣಭಾರ ಪತ್ರ, ಮನೆಯ ಹಳೆಯ ಮಂಜೂರಾದ ನಕ್ಷೆ, ಸೈಟಿನ ಫೋಟೋ. ಕ್ರಯಪತ್ರದ ಚೆಕ್ಕುಬಂದಿಯಲ್ಲಿರುವ ಅಳತೆಯೂ ಖಾತೆಯಲ್ಲಿರುವ ಅಳತೆಯೂ ಒಂದೇ ಇರಬೇಕು. ಅರ್ಧ ಅಡಿ ವ್ಯತ್ಯಾಸ ಬಂದರೂ ಫೈಲು ಅಲ್ಲೇ ನಿಲ್ಲುತ್ತದೆ, ಅದನ್ನು ಮೊದಲು ಸರಿ ಮಾಡಿಸಿ. ಮನೆ ಇನ್ನೂ ತಂದೆಯ ಹೆಸರಲ್ಲಿದ್ದು ಅವರು ತೀರಿಕೊಂಡಿದ್ದರೆ ಪೌತಿ ಖಾತೆ ಮೊದಲು, ಗ್ಯಾರೇಜು ಆಮೇಲೆ. ನಮ್ಮ ಮನೆಯಲ್ಲಿ ಜಾಸ್ತಿ ದಿನ ಹಿಡಿದದ್ದು ಇದಕ್ಕೇ. ಅಣ್ಣ ತಮ್ಮ ಅಕ್ಕ ಎಲ್ಲರ ಸಹಿ, ಎಲ್ಲರ ಗುರುತಿನ ಚೀಟಿ.

ಬಿ ಖಾತೆ (ನಿಯಮದಂತೆ ಇಲ್ಲದ ಆಸ್ತಿಗಳನ್ನು ತೆರಿಗೆಗಾಗಿ ಬರೆದಿಟ್ಟ ಬೇರೆ ಪಟ್ಟಿ) ಇರುವವರು ಮೊದಲು ಅದನ್ನು ಎ ಖಾತೆ ಮಾಡಿಸಿಕೊಳ್ಳುವ ದಾರಿ ನೋಡಬೇಕು. ಬಿ ಖಾತೆ ಹಿಡಿದು ನಕ್ಷೆ ಮಂಜೂರು ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಅವರ ಕೈಗೆ ದುಡ್ಡು ಕೊಡಬೇಡಿ.

ಹಳೆಯ ನಕ್ಷೆ ಕಳೆದುಹೋಗಿದೆಯೇ? ದೃಢೀಕೃತ ಪ್ರತಿಗೆ ಪಾಲಿಕೆಯ ನಗರ ಯೋಜನೆ ವಿಭಾಗದಲ್ಲಿ ಅರ್ಜಿ ಹಾಕಿ. ಅಲ್ಲಿ ಆಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಆ ನಕ್ಷೆ ಕೈಗೆ ಬಂದ ಮೇಲೆ ಒಂದು ಭಾನುವಾರ ಕೂತು, ನಿಮ್ಮ ಮನೆಯನ್ನು ಅದರ ಪಕ್ಕ ಇಟ್ಟು ಅಳೆಯಿರಿ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಗ್ಯಾರೇಜಿಗೆ ಅರ್ಜಿ ಹಾಕಿದಾಗ ಇಡೀ ಸೈಟಿನ ನಕ್ಷೆ ಕೊಡಬೇಕು. ಹತ್ತು ವರ್ಷದ ಹಿಂದೆ ಹಿಂಭಾಗದಲ್ಲಿ ಸೇರಿಸಿದ ಅಡುಗೆಮನೆ, ಟೆರೇಸಿನ ಮೇಲಿನ ರೂಮು, ಎಲ್ಲವೂ ಹೊರಗೆ ಬರುತ್ತದೆ. ಅಳತೆ ಮೀರಿ ಕಟ್ಟಿದ್ದಿದ್ದರೆ ಅದನ್ನು ಇಂಜಿನಿಯರ್ ಹತ್ತಿರ ಮುಚ್ಚಿಡದೆ ಹೇಳಿ, ಏನು ಉಳಿಸಬಹುದು, ಏನು ತೆಗೆಯಬೇಕು ಅಂತ ಕೇಳಿ, ಆಮೇಲೆ ಅರ್ಜಿ ಹಾಕಿ. ಅಕ್ರಮ ಸಕ್ರಮ ಬರುತ್ತದೆ, ಆಗ ನೋಡಿಕೊಳ್ಳೋಣ ಅನ್ನುವ ನಂಬಿಕೆ ಇನ್ನೂ ಎಷ್ಟೋ ಜನಕ್ಕಿದೆ. ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಅದನ್ನು ನೆಚ್ಚಿಕೊಂಡು ಒಂದು ಇಟ್ಟಿಗೆಯನ್ನೂ ಇಡಬೇಡಿ.

ಏನು ಕಟ್ಟಬಹುದು, ಎಲ್ಲಿ ಕಟ್ಟಬಹುದು

ಇಲ್ಲೇ ಎಲ್ಲರೂ ಎಡವುವುದು. ಹಾಗಾಗಿ ನಿಧಾನವಾಗಿ ಓದಿ.

ಅಂಗಳಕ್ಕೆ ಟೈಲ್ಸ್ ಹಾಕಿಸುವುದು, ನೆಲ ಸರಿ ಮಾಡಿಸುವುದು, ಬಣ್ಣ, ಗಾರೆ ರಿಪೇರಿ, ಇಂಥವಕ್ಕೆ ಕಟ್ಟಡ ಅನುಮತಿ ಬೇಡ. ಕಾರನ್ನು ಬಿಸಿಲಲ್ಲೇ ನಿಲ್ಲಿಸುತ್ತೇನೆ, ಒಳಗೆ ದಾರಿ ಮಾತ್ರ ಸಾಕು ಅನ್ನುವವರು ಗೇಟಿನ ಹೊರಗಿನ ವಿಷಯ ಸರಿ ಮಾಡಿಕೊಂಡರೆ ಮುಗಿಯಿತು. ಆದರೆ ಕಂಬ ನೆಟ್ಟು ಮೇಲೆ ಏನಾದರೂ ಹೊದಿಸಿದ ಕೂಡಲೇ ಸೆಟ್‌ಬ್ಯಾಕ್ ಪ್ರಶ್ನೆ ಬರುತ್ತದೆ. ಶೀಟು ತಾನೇ, ಗೋಡೆ ಇಲ್ಲವಲ್ಲ ಅನ್ನುವ ವಾದ ನಡೆಯುವುದಿಲ್ಲ. ಸೆಟ್‌ಬ್ಯಾಕ್ ಅಂದರೆ ಆಕಾಶಕ್ಕೆ ತೆರೆದಿರಬೇಕಾದ ಜಾಗ. ಬೆಂಕಿ ಬಿದ್ದಾಗ ಓಡಲು, ಗಾಳಿ ಬೆಳಕು ಬರಲು ಬಿಟ್ಟಿರುವುದು.

ಹಾಗಂತ ಗ್ಯಾರೇಜಿಗೆ ದಾರಿಯೇ ಇಲ್ಲ ಅಂತಲ್ಲ. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015ರ ವಲಯ ನಿಯಮಗಳಲ್ಲಿ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮಗಳು) ಗ್ಯಾರೇಜಿಗೆ ಅಂತಲೇ ಒಂದು ರಿಯಾಯಿತಿ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಸೈಟು 200 ಚದರ ಮೀಟರ್‌ಗಿಂತ ದೊಡ್ಡದಾಗಿದ್ದರೆ ಗ್ಯಾರೇಜಿಗೆ ಪಕ್ಕದ ಸೆಟ್‌ಬ್ಯಾಕ್ ಬಿಡಬೇಕಿಲ್ಲ. ಆದರೆ ಅದು ಸೈಟಿನ ಹಿಂಭಾಗದ ಬಲ ಮೂಲೆಯಲ್ಲಿ ಇರಬೇಕು. ಅಗಲ 4 ಮೀಟರ್, ಉದ್ದ 6 ಮೀಟರ್, ಎತ್ತರ 3 ಮೀಟರ್ ದಾಟಬಾರದು. ನಿಮ್ಮ ಮನೆಗೂ ಅದಕ್ಕೂ ಮಧ್ಯೆ ಕನಿಷ್ಠ 1 ಮೀಟರ್ ಬಿಡಬೇಕು. ಪಕ್ಕದವರ ಮನೆಯಿಂದ 3 ಮೀಟರ್ ಒಳಗೆ ಬರಬಾರದು, ಅವರದ್ದೂ ಗ್ಯಾರೇಜೇ ಆಗಿದ್ದರೆ ಪರವಾಗಿಲ್ಲ. ಪಕ್ಕದವರ ಕಡೆಗೆ ಕಿಟಕಿ ಬಾಗಿಲು ಇಡುವ ಹಾಗಿಲ್ಲ, ಗಾಳಿ ಬೆಳಕಿಗೆ ಕಿಟಕಿ ನಿಮ್ಮ ಕಡೆಗೇ ಇರಬೇಕು. ಮೂಲೆ ಸೈಟಾದರೆ ಎರಡು ರಸ್ತೆ ಕೂಡುವ ಜಾಗಕ್ಕೆ ಕರ್ಣವಾಗಿ ಎದುರಿರುವ ಹಿಂದಿನ ಮೂಲೆ. 9 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಅಗಲದ ಸೈಟಿಗೆ ಈ ಗ್ಯಾರೇಜು ಇಲ್ಲ.

ಈಗ ಇದನ್ನು ನಮ್ಮೂರಿನ ಸೈಟುಗಳಿಗೆ ಹಿಡಿದು ನೋಡಿ. 40×60 ಅಂದರೆ ಸುಮಾರು 223 ಚದರ ಮೀಟರ್, ಆಗುತ್ತದೆ. 30×40 ಅಂದರೆ 111 ಚದರ ಮೀಟರ್, ಆಗುವುದಿಲ್ಲ. 30×50 ಕೂಡ ಆಗುವುದಿಲ್ಲ. ಚಿಕ್ಕ ಸೈಟಿನವರಿಗೆ ಇರುವ ದಾರಿ ಕಟ್ಟಡದ ಗೆರೆಯೊಳಗೇ ಪಾರ್ಕಿಂಗ್ ಮಾಡುವುದು, ಅಂದರೆ ನೆಲಮಹಡಿಯ ಒಂದು ಭಾಗವನ್ನೋ ಸ್ಟಿಲ್ಟನ್ನೋ (ಮನೆಯನ್ನು ಪಿಲ್ಲರ್ ಮೇಲೆ ಎತ್ತಿ ಕಟ್ಟಿ ಕೆಳಗೆ ತೆರೆದು ಬಿಟ್ಟ ಜಾಗ) ಕಾರಿಗೆ ಬಿಡುವುದು. ಮುಂದಿನ ರೂಮಿನ ಗೋಡೆ ತೆಗೆದು ಕಾರಿಗೆ ಜಾಗ ಮಾಡಿಕೊಂಡವರನ್ನು ನೋಡಿದ್ದೇನೆ. ಆದರೆ ಅದು ಭಾರ ಹೊರುವ ಗೋಡೆಯೋ ಅಲ್ಲವೋ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಒಂದು ಕಲ್ಲನ್ನೂ ಅಲ್ಲಾಡಿಸಬೇಡಿ. 1980ಕ್ಕೂ ಮೊದಲಿನ ಎಷ್ಟೋ ಮನೆಗಳಲ್ಲಿ ಪಿಲ್ಲರೇ ಇಲ್ಲ, ಮೇಲಿನ ಭಾರವೆಲ್ಲ ಗೋಡೆಯ ಮೇಲೇ.

ಒಂದು ಕಾರಿಗೆ ನಕ್ಷೆಯಲ್ಲಿ ತೋರಿಸಬೇಕಾದ ಜಾಗ 2.5 ಮೀಟರ್ ಅಗಲ, 5.5 ಮೀಟರ್ ಉದ್ದ, ಒಟ್ಟು 13.75 ಚದರ ಮೀಟರ್. ಮಂಜೂರಾದ ಯಾವುದೇ ನಕ್ಷೆಯ ಪಾರ್ಕಿಂಗ್ ಕೋಷ್ಟಕ ತೆಗೆದು ನೋಡಿ, ಈ 13.75 ಇದ್ದೇ ಇರುತ್ತದೆ. ಪಾರ್ಕಿಂಗ್ ಜಾಗ ಎಫ್‌ಎಆರ್ (ಸೈಟಿನ ಅಳತೆಗೆ ಒಟ್ಟು ಎಷ್ಟು ಕಟ್ಟಬಹುದು ಅನ್ನುವ ಮಿತಿ) ಲೆಕ್ಕಕ್ಕೆ ಬರುವುದಿಲ್ಲ, ಅದು ಒಂದು ಸಮಾಧಾನ.

ಹಿಂದಿನ ಮೂಲೆಯಲ್ಲಿ ಗ್ಯಾರೇಜು ಅಂದರೆ ಮನೆಯ ಪಕ್ಕದಲ್ಲೇ ಕಾರು ಹೋಗಬೇಕು ಅಲ್ವಾ? ಅದಕ್ಕೆ ಬಲಗಡೆ ಕನಿಷ್ಠ ಎಂಟೂವರೆ ಅಡಿ, ನೆಮ್ಮದಿಯಾಗಿ ಹೋಗಲು 10 ಅಡಿ ಬೇಕು. ಪೈಪು, ಗ್ಯಾಸ್ ಸಿಲಿಂಡರ್ ಗೂಡು, ಹೊರಗಿನ ಮೆಟ್ಟಿಲು, ವಾಷಿಂಗ್ ಕಲ್ಲು, ಎಲ್ಲ ಕಳೆದು ಉಳಿಯುವ ಅಗಲ ಎಷ್ಟು ಅಂತ ಅಳೆಯಿರಿ. ನಮ್ಮಲ್ಲಿ ಕಾಗದದ ಮೇಲೆ 10 ಅಡಿ ಇತ್ತು, ಮಳೆನೀರಿನ ಪೈಪುಗಳನ್ನು ಗೋಡೆಗೆ ಒತ್ತಿಸಿ ಸರಿಸಿದ ಮೇಲೆ ಕಾರಿಗೆ ಸಿಕ್ಕಿದ್ದು ಒಂಬತ್ತೂವರೆ.

ನಮ್ಮ ಇಂಜಿನಿಯರ್ ಬಲ ಅಂದರೆ ರಸ್ತೆಯಲ್ಲಿ ನಿಂತು ಮನೆಯ ಕಡೆ ನೋಡಿದಾಗಿನ ಬಲ ಅಂತ ಹಿಡಿದರು. ಪೂರ್ವಕ್ಕೆ ರಸ್ತೆ ಇದ್ದದ್ದರಿಂದ ಅದು ವಾಯವ್ಯವೇ ಆಯಿತು, ವಾಸ್ತು ನೋಡುವ ದೊಡ್ಡಮ್ಮನಿಗೂ ಖುಷಿ. ದಕ್ಷಿಣಕ್ಕೆ ರಸ್ತೆ ಇರುವವರಿಗೆ ಅದೇ ಮೂಲೆ ಈಶಾನ್ಯ ಆಗುತ್ತದೆ. ಅಲ್ಲಿ ಸಾಮಾನ್ಯವಾಗಿ ಸಂಪು ಇರುತ್ತದೆ. ಸಂಪಿನ ಮೇಲೆ ಕಾರು ಓಡಾಡುವುದಾದರೆ ಸ್ಲ್ಯಾಬಿನ ದಪ್ಪ, ಕಂಬಿ ಎರಡನ್ನೂ ಇಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಲೇಬೇಕು. ಕುಡಿಯುವ ನೀರಿನ ಸಂಪಿಗೆ ಕಾರಿನ ಎಣ್ಣೆ ಇಳಿಯದ ಹಾಗೆ ಮುಚ್ಚಳದ ಸುತ್ತ ಕಟ್ಟೆಯೂ ಬೇಕು.

ಅಳತೆಗಳು ಆಗಾಗ ತಿದ್ದುಪಡಿ ಆಗುತ್ತವೆ, ಅದರಲ್ಲೂ ಸೆಟ್‌ಬ್ಯಾಕ್ ಕೋಷ್ಟಕ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪ್ರತಿಯನ್ನೇ ಇಂಜಿನಿಯರ್ ಹತ್ತಿರ ತೆಗೆಸಿ ಕಣ್ಣಾರೆ ನೋಡಿ.

ಮಳೆನೀರು

ಅಂಗಳಕ್ಕೆ ಕಾಂಕ್ರೀಟ್ ಹಾಕಿದಷ್ಟೂ ನೀರು ರಸ್ತೆಗೆ ಹೋಗುತ್ತದೆ. ಜಲಮಂಡಳಿಯ ನಿಯಮದಲ್ಲಿ ಛಾವಣಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ನೆಲ ಮುಚ್ಚಿದ ಪ್ರತಿ ಚದರ ಮೀಟರಿಗೆ 30 ಲೀಟರ್ ಮಳೆನೀರು ಹಿಡಿಯುವ ಅಥವಾ ಇಂಗಿಸುವ ವ್ಯವಸ್ಥೆ ಬೇಕು. 40×60 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಮನೆಗಳಿಗೂ, 30×40 ಮತ್ತು ಮೇಲಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ.

4×6 ಮೀಟರಿನ ಗ್ಯಾರೇಜಿನ ಛಾವಣಿ 24 ಚದರ ಮೀಟರ್, ಅದಕ್ಕೆ 1,440 ಲೀಟರ್. 3 ಮೀಟರ್ ಅಗಲ 10 ಮೀಟರ್ ಉದ್ದದ ದಾರಿಗೆ 900 ಲೀಟರ್. ಒಟ್ಟು 2,340. ಮೂರು ಅಡಿ ಅಗಲ, ಹನ್ನೆರಡು ಅಡಿ ಆಳದ ಒಂದು ಇಂಗುಬಾವಿಯಲ್ಲಿ ಸುಮಾರು 2,400 ಲೀಟರ್ ನಿಲ್ಲುತ್ತದೆ, ಸರಿಹೋಯಿತು. ನಮ್ಮಲ್ಲಿ ಮಣ್ಣು ವಡ್ಡರ ಕುಟುಂಬದವರು ಬಂದು ತೋಡಿ ರಿಂಗು ಇಳಿಸಿ ಹೋದರು. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದವರು ಅವರು, ಮಣ್ಣು ಕೈಯಲ್ಲಿ ಹಿಡಿದೇ ನೀರು ಎಲ್ಲಿ ಇಂಗುತ್ತದೆ ಅಂತ ಹೇಳುತ್ತಾರೆ. ಯಾವ ಸಂಸ್ಥೆಯ ಯಂತ್ರಕ್ಕಿಂತಲೂ ನನಗೆ ಅವರ ಮಾತಿನ ಮೇಲೆ ನಂಬಿಕೆ. ಮಾದರಿ ನೋಡಬೇಕು ಅಂದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಒಂದು ಸಲ ಹೋಗಿಬನ್ನಿ.

ಪೂರ್ತಿ ಕಾಂಕ್ರೀಟ್ ಬದಲು ಚಕ್ರ ಓಡುವ ಎರಡು ಪಟ್ಟಿ ಮಾತ್ರ ಗಟ್ಟಿ ಮಾಡಿ ನಡುವೆ ಹುಲ್ಲು ಬಿಡಬಹುದು. ಇಳಿಜಾರು ಮುಗಿಯುವ ಕಡೆ, ಗೇಟಿನ ಒಳಗೆ, ಅಡ್ಡಕ್ಕೆ ಒಂದು ಜಾಲರಿ ಕಾಲುವೆ ಹಾಕಿಸಿ ಇಂಗುಬಾವಿಗೆ ಸೇರಿಸಿ. ಅಂಗಳ ರಸ್ತೆಗಿಂತ ತಗ್ಗಿದ್ದರೆ ಇದು ಇನ್ನೂ ಮುಖ್ಯ. ರಸ್ತೆಗೆ ಪ್ರತಿ ಸಲ ಹಳೆಯ ಡಾಂಬರಿನ ಮೇಲೇ ಹೊಸದು ಹಾಕಿದಾಗ ನಿಮ್ಮ ಗೇಟು ಎರಡು ಇಂಚು ಕೆಳಗೆ ಹೋದಂತೆ.

ನಕ್ಷೆ, ಅರ್ಜಿ, ಶುಲ್ಕ

ಪಾಲಿಕೆಯಲ್ಲಿ ನೋಂದಾಯಿಸಿರುವ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಬೇಕೇ ಬೇಕು. ಅರ್ಜಿ ಆನ್‌ಲೈನ್, ನಕ್ಷೆ ಕ್ಯಾಡ್ ಕಡತದಲ್ಲಿ, ಅದನ್ನು ಮೊದಲು ಸಾಫ್ಟ್‌ವೇರೇ ಪರಿಶೀಲಿಸುತ್ತದೆ. ನೋಂದಣಿ ಸಂಖ್ಯೆ ಕೇಳಿ, ಅವಧಿ ಮುಗಿದಿಲ್ಲ ಅಂತ ನೋಡಿ.

ಹಳೆಯ ಮನೆಗೆ ಗ್ಯಾರೇಜು ಸೇರಿಸುವುದಾದರೆ ಅರ್ಜಿಯ ಬಗೆ "ಅಡಿಷನ್ ಆರ್ ಆಲ್ಟರೇಷನ್". ನಕ್ಷೆಯಲ್ಲಿ ಉಳಿಸುವ ಕಟ್ಟಡ, ಒಡೆಯುವ ಭಾಗ, ಹೊಸ ಕೆಲಸ, ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಬೇಕು. ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟುವವರಿಗೆ 2024ರಲ್ಲಿ ಬಂದ "ನಂಬಿಕೆ ನಕ್ಷೆ" ಇದೆ. 50×80 ಅಡಿವರೆಗಿನ ಸೈಟಿನಲ್ಲಿ ನಾಲ್ಕು ಮನೆಯವರೆಗಿನ ಕಟ್ಟಡಕ್ಕೆ, ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಮೂಲಕ ತಾತ್ಕಾಲಿಕ ಅನುಮೋದನೆ ಮೊದಲೇ ಸಿಗುತ್ತದೆ, ದಾಖಲೆಗಳನ್ನು ಆಮೇಲೆ ಅಧಿಕಾರಿಗಳು ಪರಿಶೀಲಿಸುತ್ತಾರೆ. ಬೇಗ ಸಿಗುತ್ತದೆ ಅಂತ ತಪ್ಪು ಅಳತೆ ಕೊಟ್ಟರೆ ಅನುಮತಿ ರದ್ದಾಗುವುದು ನಿಮ್ಮದೇ.

ಅರ್ಜಿ ಅಪ್‌ಲೋಡ್ ಮಾಡುವ ಮೊದಲು ನಕ್ಷೆಯ ಪ್ರಿಂಟ್ ತೆಗೆಸಿ ನೀವೇ ಒಂದು ಸಲ ನೋಡಿ. ಉತ್ತರ ದಿಕ್ಕಿನ ಬಾಣ, ರಸ್ತೆಯ ಅಗಲ, ಮರ, ಕಂಬ, ಮೋರಿ, ಇಂಗುಬಾವಿ, ಗೇಟಿನ ಜಾಗ. ನಮ್ಮ ಮೊದಲ ಕರಡಿನಲ್ಲಿ ಹೊಂಗೆ ಮರವೇ ಇರಲಿಲ್ಲ. ಸೈಟಿನ ಹತ್ತಿರ ರಾಜಕಾಲುವೆ ಅಥವಾ ಕೆರೆ ಇದ್ದರೆ ಅದರ ಬಫರ್ ಗೆರೆಯನ್ನೂ ಮೊದಲೇ ಗುರುತು ಮಾಡಿಸಿ. ಆ ಗೆರೆಯೊಳಗೆ ಬಂದರೆ ಎಷ್ಟು ಒಳ್ಳೆಯ ನಕ್ಷೆಯಾದರೂ ಆಗುವುದಿಲ್ಲ.

ಶುಲ್ಕ ಎಲ್ಲ ಆನ್‌ಲೈನ್ ಚಲನ್‌ನಲ್ಲೇ ಬರುತ್ತದೆ, ಪರಿಶೀಲನಾ ಶುಲ್ಕ, ಪರವಾನಗಿ ಶುಲ್ಕ ಅಂತ ಬಿಡಿಬಿಡಿಯಾಗಿ ಬರೆದಿರುತ್ತದೆ. ಕಾರ್ಮಿಕ ಸೆಸ್ ಅಂತ ಶೇ 1 ಇರುತ್ತದೆ, ಆದರೆ ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ ಕೆಲಸದ ಒಟ್ಟು ವೆಚ್ಚ ಕಾನೂನಿನ ಮಿತಿ ದಾಟದಿದ್ದರೆ ಅದು ಇಲ್ಲ. ಚಲನ್‌ನಲ್ಲಿ ಇಲ್ಲದ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾರಾದರೂ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು. ಸಕಾಲ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆದುಕೊಳ್ಳಿ, ತಡವಾದರೆ ಮೇಲ್ಮನವಿಗೆ ಅದೇ ಆಧಾರ. ಆಕ್ಷೇಪಣೆ ಬಂದರೆ ಬೇಜಾರು ಮಾಡಿಕೊಳ್ಳದೆ, ಪ್ರತಿ ಅಂಶಕ್ಕೂ ಬರವಣಿಗೆಯಲ್ಲೇ ಉತ್ತರ ಕೊಡಿ. ಬಾಯಿಮಾತಿಗೆ ಬೆಲೆ ಇಲ್ಲ.

ಕೆಲಸ ನಡೆಯುವಾಗ

ಮಂಜೂರಾತಿ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಪಾಯ ತೆಗೆಯುವ ಮೊದಲು ಸುಣ್ಣದ ಗೆರೆ ಹಾಕಿಸಿ, ಪಕ್ಕದ ಮನೆಯವರನ್ನು ಕರೆದು ನಕ್ಷೆ ತೋರಿಸಿ. ಕಾಫಿ ಕುಡಿಯುತ್ತಾ ಹತ್ತು ನಿಮಿಷ ಮಾತಾಡಿದರೆ ಸಾಕು, ಮುಂದೆ ಬರಬಹುದಾದ ದೂರು ಅಲ್ಲೇ ಮುಗಿಯುತ್ತದೆ. ಗ್ಯಾರೇಜಿನ ಛಾವಣಿಯ ನೀರು ಅವರ ಕಡೆಗೆ ಬೀಳುವುದಿಲ್ಲ ಅಂತ ಅವರಿಗೆ ಖಾತ್ರಿ ಆಗಬೇಕು, ನಮ್ಮಲ್ಲಿ ಅವರು ಕೇಳಿದ್ದು ಅದೊಂದನ್ನೇ. ಮರಳು, ಜಲ್ಲಿ ಫುಟ್‌ಪಾತ್ ಮೇಲೆ ಸುರಿಸಬೇಡಿ, ಒಡೆದ ಕಾಂಪೌಂಡಿನ ಚೂರುಗಳನ್ನು ಖಾಲಿ ಸೈಟಿಗೆ ಹಾಕಿಸಬೇಡಿ.

ಮೇಸ್ತ್ರಿಯ ಕೈಯಲ್ಲಿ ಮಂಜೂರಾದ ನಕ್ಷೆಯ ಒಂದು ಪ್ರತಿ ಇರಲಿ. "ಇನ್ನೊಂದು ಅಡಿ ಜಾಸ್ತಿ ಮಾಡೋಣ ಸಾರ್" ಅಂತ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆ ಒಂದು ಅಡಿ ಆಮೇಲೆ ತೊಂದರೆ ಕೊಡುತ್ತದೆ. ಎಲೆಕ್ಟ್ರಿಕ್ ಕಾರು ತಗೊಳ್ಳುವ ಯೋಚನೆ ಇದ್ದರೆ ಈಗಲೇ ಮೀಟರ್ ಬೋರ್ಡಿನಿಂದ ಗ್ಯಾರೇಜಿಗೆ ಒಂದು ಪೈಪು, ಅರ್ಥಿಂಗ್ ಎಳೆಸಿಬಿಡಿ.

ಮುಗಿದ ಮೇಲೆ

ಸುಮ್ನೆ ಬಿಡಬೇಡಿ, ಇನ್ನೂ ಮೂರು ಕೆಲಸ ಇದೆ. ಕೆಲಸ ಮುಗಿದಿದೆ ಅಂತ ಇಂಜಿನಿಯರ್ ಮೂಲಕ ತಿಳಿಸಿ, ಕಾಮಗಾರಿ ಪೂರ್ಣಗೊಂಡ ಮತ್ತು ವಾಸಯೋಗ್ಯ ಪ್ರಮಾಣಪತ್ರಗಳಿಗೆ ಅರ್ಜಿ ಹಾಕಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಸ ಕರೆಂಟು, ನೀರಿನ ಸಂಪರ್ಕಕ್ಕೆ ಈ ಪತ್ರಗಳನ್ನು ಕೇಳುವುದು ಬಿಗಿಯಾಗಿದೆ. ಆಸ್ತಿ ತೆರಿಗೆ ಅರ್ಜಿಯಲ್ಲಿ ಮುಚ್ಚಿದ ಪಾರ್ಕಿಂಗ್ ಜಾಗವನ್ನು ಬೇರೆಯಾಗಿ ತೋರಿಸಿ. ಆ ಜಾಗವನ್ನು ಮುಂದೆ ಅಂಗಡಿಗೋ ಪಿಜಿ ರೂಮಿಗೋ ಬಾಡಿಗೆ ಕೊಡುವ ಹಾಗಿಲ್ಲ, ಮಂಜೂರಾತಿಯ ಷರತ್ತಿನಲ್ಲೇ ಪಾರ್ಕಿಂಗ್ ಬಿಟ್ಟು ಬೇರೆಗೆ ಬಳಸಬಾರದು ಅಂತ ಬರೆದಿರುತ್ತದೆ. ಗೇಟಿನ ಹೊರಗೆ ಹೂಕುಂಡ, ಕಲ್ಲು, ಸರಪಳಿ ಇಟ್ಟು ರಸ್ತೆ ಹಿಡಿದುಕೊಳ್ಳುವುದೂ ಬೇಡ.

ಮೂರನೆಯದು ಫೋಟೋ. ಗೇಟಿನ ಮುಂದಿನ ಫುಟ್‌ಪಾತ್, ಮೋರಿಯ ಚಪ್ಪಡಿ, ಮರ, ಗ್ಯಾರೇಜಿನ ನಾಲ್ಕು ಬದಿ, ಟೇಪು ಹಿಡಿದು ಅಳತೆ ಕಾಣುವ ಹಾಗೆ ತೆಗೆದು, ಮಂಜೂರಾದ ನಕ್ಷೆ, ಚಲನ್, ಪತ್ರಗಳ ಜೊತೆ ಒಂದೇ ಫೈಲಿನಲ್ಲಿ ಇಡಿ. ಪ್ರತಿ ಮೇ ತಿಂಗಳಲ್ಲಿ, ಮಳೆ ಜೋರಾಗುವ ಮೊದಲು, ಚಪ್ಪಡಿ ಎತ್ತಿಸಿ ಮೋರಿ ನೋಡಿ, ಜಾಲರಿ ಕಾಲುವೆಯ ಎಲೆ ತೆಗೆಸಿ. ನಮ್ಮ ಹೊಂಗೆ ಮರ ಮಾರ್ಚ್ ಏಪ್ರಿಲ್‌ನಲ್ಲಿ ಹೂವು ಉದುರಿಸಿ ಕಾಲುವೆ ಪೂರ್ತಿ ತುಂಬಿಸಿಬಿಡುತ್ತದೆ, ಅದನ್ನು ಬುಟ್ಟಿಯಲ್ಲಿ ಎತ್ತಿ ಗಿಡಗಳ ಬುಡಕ್ಕೆ ಹಾಕುತ್ತೇವೆ.